ಸರ್ಕಾರದ ಬಾಗಿಲಲ್ಲಿ ಸೇವಾ ಸಂಸ್ಥೆಗಳು: ಧಾರ್ಮಿಕ ಹಿನ್ನೆಲೆಯ ಟ್ರಸ್ಟ್‌ಗಳ ಲಾಬಿ ಮತ್ತು ಅದರ ಲೆಕ್ಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಮಠ, ಚರ್ಚ್, ಮಸೀದಿ, ಗುರುದ್ವಾರಗಳ ಆಶ್ರಯದಲ್ಲಿ ನಡೆಯುವ ಸೇವಾ ಟ್ರಸ್ಟ್‌ಗಳ ಟ್ರಸ್ಟಿಗಳು, ಲೆಕ್ಕ ಬರೆಯುವವರು, ದಾನಿಗಳು ಮತ್ತು ಸ್ವಯಂಸೇವಕರು ಮಾತಿನ ನಡುವೆಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟೂ ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ನಾನು ವಕೀಲನಲ್ಲ, ಇಂಥದೊಂದು ಟ್ರಸ್ಟ್‌ನಲ್ಲಿ ಹಲವು ವರ್ಷ ವಾರ್ಷಿಕ ವರದಿ ಬರೆದವನು. ನಿಮ್ಮ ಸಂಸ್ಥೆಯ ನಿರ್ದಿಷ್ಟ ಪ್ರಕರಣಕ್ಕೆ ನಿಮ್ಮ ಲೆಕ್ಕ ಪರಿಶೋಧಕರ ಸಲಹೆಯನ್ನೇ ಪಡೆಯಬೇಕು.

## ಮೊದಲು ತಿಳಿಯಬೇಕಾದದ್ದು

ಊಟ ಹಾಕಿ, ಔಷಧಿ ಕೊಟ್ಟು ಪುಣ್ಯ ಕಟ್ಟಿಕೊಳ್ಳುವ ಸಂಸ್ಥೆಗೆ ಲಾಬಿ ಯಾಕೆ ಬೇಕು?

ಒಂದು ಟ್ರಸ್ಟ್ ದಿನಕ್ಕೆ ಇನ್ನೂರು ಜನಕ್ಕೆ ಅನ್ನ ಹಾಕಬಹುದು. ಆದರೆ ಆ ಇನ್ನೂರು ಜನರಲ್ಲಿ ಎಷ್ಟೋ ಮಂದಿಗೆ ಪಡಿತರ ಚೀಟಿ ಇಲ್ಲ ಎಂಬುದು ಬಡಿಸುತ್ತಾ ಬಡಿಸುತ್ತಾ ತಿಳಿದುಬರುತ್ತದೆ. ಚೀಟಿ ಕೊಡುವ ಅಧಿಕಾರ ಟ್ರಸ್ಟ್‌ಗೆ ಇಲ್ಲ, ಸರ್ಕಾರಕ್ಕಿದೆ. ಸೇವೆ ಮಾಡುವವರು ಆಹಾರ ಇಲಾಖೆಯ ಮೆಟ್ಟಿಲು ಹತ್ತುವುದು ಇಲ್ಲಿಂದ. ಜಗತ್ತಿನ ದೊಡ್ಡ ಉದಾಹರಣೆಗಳೂ ಹೀಗೆಯೇ ಹುಟ್ಟಿದವು. ಬಡ ದೇಶಗಳ ಸಾಲ ಮನ್ನಾಕ್ಕಾಗಿ 'ಜುಬಿಲಿ 2000' ಚಳವಳಿ ನಡೆದಾಗ, ಆ ದೇಶಗಳಲ್ಲಿ ಶಾಲೆ, ಆಸ್ಪತ್ರೆ ನಡೆಸುತ್ತಿದ್ದ ಚರ್ಚ್ ಮೂಲದ ಸಂಸ್ಥೆಗಳು ಅದರ ಮುಂಚೂಣಿಯಲ್ಲಿದ್ದವು. 1998ರಲ್ಲಿ ಜಿ-8 ನಾಯಕರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸೇರಿದ್ದಾಗ ಸುಮಾರು 70,000 ಜನ ಮಾನವ ಸರಪಳಿ ಕಟ್ಟಿ ನಿಂತರು. ಔಷಧಿ ಕೊಡುವ ಕೈಗೆ ರೋಗದ ಮೂಲ ಕಾಣಿಸಿದ ಮೇಲೆ ಬಾಯಿ ಮುಚ್ಚಿಕೊಂಡಿರು ಎಂದು ಹೇಳುವುದು ನ್ಯಾಯವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮನವಿ ಕೊಡುವುದಕ್ಕೂ ಲಾಬಿ ಮಾಡುವುದಕ್ಕೂ ವ್ಯತ್ಯಾಸ ಏನು? ಲಾಬಿ ಅಂದರೆ ವಶೀಲಿ ತಾನೇ?

ನಮ್ಮ ಪತ್ರಿಕೆಗಳಲ್ಲಿ 'ಸಚಿವ ಸ್ಥಾನಕ್ಕೆ ಲಾಬಿ' ಎಂದು ಓದಿ ಓದಿ ಆ ಪದಕ್ಕೆ ಕೆಟ್ಟ ವಾಸನೆ ಅಂಟಿಕೊಂಡಿದೆ. ಕಾನೂನು, ನಿಯಮ, ಬಜೆಟ್ ಅಥವಾ ಸರ್ಕಾರಿ ಆದೇಶ ಹೀಗಿರಲಿ ಎಂದು ಅದನ್ನು ರೂಪಿಸುವವರನ್ನು ಒಪ್ಪಿಸಲು ಮಾಡುವ ಪ್ರಯತ್ನವೆಲ್ಲ ಲಾಬಿಯೇ. ಮನವಿ ಪತ್ರ ಅದರ ಒಂದು ರೂಪ. ವಶೀಲಿ ಎಂದರೆ ಪರಿಚಯದ ಬಲದಿಂದ ನಿಯಮವನ್ನು ತನಗೊಬ್ಬನಿಗೆ ಬಾಗಿಸಿಕೊಳ್ಳುವುದು. ಹಣ, ಉಡುಗೊರೆ ಕೈ ಬದಲಾಯಿಸಿದರೆ ಅದು ಲಂಚ, ಅದಕ್ಕೆ ಭ್ರಷ್ಟಾಚಾರ ತಡೆ ಕಾಯ್ದೆ ಇದೆ. ಗುರುತಿಸಲು ನಾನು ಬಳಸುವ ಪ್ರಶ್ನೆ ಒಂದೇ: ಒಳಗೆ ಕೇಳಿದ್ದನ್ನು ಹೊರಗೆ ನೋಟಿಸ್ ಬೋರ್ಡಿನಲ್ಲಿ ಅಂಟಿಸಲು ಸಾಧ್ಯವೇ?

ನಮ್ಮ ದೇಶದಲ್ಲಿ ಲಾಬಿ ಮಾಡುವುದು ಕಾನೂನುಬದ್ಧವೇ? ಎಲ್ಲಾದರೂ ನೋಂದಣಿ ಮಾಡಿಸಬೇಕೇ?

ಸರ್ಕಾರಕ್ಕೆ ಅಹವಾಲು ಸಲ್ಲಿಸುವುದು ತಪ್ಪಲ್ಲ; ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯ ಮತ್ತು ಸಂಘ ಕಟ್ಟುವ ಸ್ವಾತಂತ್ರ್ಯ ಅದಕ್ಕೆ ಆಧಾರ. ಲಾಬಿಯನ್ನೇ ನಿಯಂತ್ರಿಸುವ ಪ್ರತ್ಯೇಕ ಕಾನೂನು ಭಾರತದಲ್ಲಿ ಇಲ್ಲ. ಲಾಬಿ ಚಟುವಟಿಕೆಗಳನ್ನು ಬಹಿರಂಗಪಡಿಸಬೇಕೆಂಬ ಖಾಸಗಿ ಸದಸ್ಯರ ಮಸೂದೆಯೊಂದು 2013ರಲ್ಲಿ ಸಂಸತ್ತಿನ ಮುಂದೆ ಬಂದಿತ್ತು, ಕಾನೂನಾಗಲಿಲ್ಲ. ಹೀಗಾಗಿ ನೋಂದಣಿಯೂ ಇಲ್ಲ, ಯಾರು ಯಾರನ್ನು ಏನು ಕೇಳಿದರು ಎಂಬ ಸಾರ್ವಜನಿಕ ದಾಖಲೆಯೂ ಇಲ್ಲ. ಸಂಸ್ಥೆಗೆ ಬಂದ ಹಣದ ಜಾಡನ್ನು ನಮ್ಮ ಕಾನೂನು ಬಹಳ ಬಿಗಿಯಾಗಿ ಹಿಡಿಯುತ್ತದೆ, ಸಂಸ್ಥೆ ಕೇಳಿದ್ದರ ಜಾಡನ್ನು ಮಾತ್ರ ಹಿಡಿಯುವುದೇ ಇಲ್ಲ. ಮುಂದಿನ ಬಹುತೇಕ ಉತ್ತರಗಳು ಈ ಕೊರತೆಯ ಸುತ್ತಲೇ ಇವೆ.

ಹಾಗಾದರೆ ಇದು ರಾಜಕೀಯ ಆಗುವುದಿಲ್ಲವೇ? ಚುನಾವಣೆ ವೇಳೆ ಏನು ಮಾಡಬೇಕು?

ನೀತಿಯ ಬಗ್ಗೆ ಮಾತನಾಡುವುದು ಒಂದು, ಪಕ್ಷ ಅಥವಾ ಅಭ್ಯರ್ಥಿಯ ಪರವಾಗಿ ಮಾತನಾಡುವುದು ಬೇರೆಯೇ. 1988ರ ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆ ಕಾಯ್ದೆಯು ಧಾರ್ಮಿಕ ಸಂಸ್ಥೆಯ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸುವುದನ್ನು ನಿಷೇಧಿಸುತ್ತದೆ. ಧರ್ಮ, ಜಾತಿಯ ಹೆಸರಿನಲ್ಲಿ ಮತ ಕೇಳುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಕಲಂ 123(3)ರ ಅಡಿ ಭ್ರಷ್ಟ ಆಚರಣೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ 4-3ರ ಬಹುಮತದಿಂದ ಇದರ ವ್ಯಾಪ್ತಿಯನ್ನು ಇನ್ನಷ್ಟು ವಿಸ್ತರಿಸಿ, ಮತದಾರರ ಧರ್ಮದ ಆಧಾರದ ಮನವಿಯೂ ಅದರೊಳಗೆ ಬರುತ್ತದೆ ಎಂದಿತು. ನೀತಿ ಸಂಹಿತೆ ಜಾರಿಯಲ್ಲಿರುವಾಗ ಸೇವಾ ಕಾರ್ಯಕ್ರಮದ ವೇದಿಕೆಗೆ ಅಭ್ಯರ್ಥಿಗಳನ್ನು ಕರೆಯದಿರುವುದೇ ಕ್ಷೇಮ.

## ಬೆಂಗಳೂರಿನಲ್ಲಿ ನಡೆಯುವ ಬಗೆ

ವಿಧಾನಸೌಧಕ್ಕೆ ಹೋಗಿ ಮನವಿ ಕೊಟ್ಟರೆ ನಿಜವಾಗಿಯೂ ಏನಾದರೂ ಆಗುತ್ತದೆಯೇ?

ಮನವಿಯ ಎರಡು ಪ್ರತಿ ಹಿಡಿದುಕೊಂಡು ಹೋಗುತ್ತೀರಿ. ಸಚಿವರ ಕೊಠಡಿಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಫೋಟೊ. ಸಚಿವರು ಪತ್ರದ ಮೂಲೆಯಲ್ಲಿ 'ಪರಿಶೀಲಿಸಿ, ಕ್ರಮ ಕೈಗೊಳ್ಳಿ' ಎಂದು ಬರೆದು ಸಹಿ ಹಾಕುತ್ತಾರೆ. ಹೊಸಬರು ಇಷ್ಟಕ್ಕೇ ಸಂತೋಷಪಟ್ಟು ಮನೆಗೆ ಮರಳುತ್ತಾರೆ. ಅನುಭವಸ್ಥರು ಅಲ್ಲಿಂದ ನೇರವಾಗಿ ಇಲಾಖೆಯ ಟಪಾಲು ಶಾಖೆಗೆ ಹೋಗಿ, ಎರಡನೆಯ ಪ್ರತಿಯ ಮೇಲೆ ದಿನಾಂಕವಿರುವ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು, ಅದರ ಪಕ್ಕದಲ್ಲಿ ಗುಮಾಸ್ತರ ಚಿಕ್ಕ ಸಹಿ ಬಿದ್ದಿದೆಯೇ ಎಂದು ನೋಡಿ, ಆಮೇಲೆ ಕಡತದ ಸಂಖ್ಯೆ ಕೇಳುತ್ತಾರೆ. ಆ ಸಂಖ್ಯೆ ಇದ್ದರೆ ಮುಂದಿನ ತಿಂಗಳು ಎಂ.ಎಸ್. ಬಿಲ್ಡಿಂಗ್‌ನಲ್ಲೋ ವಿಕಾಸಸೌಧದಲ್ಲೋ ಕಡತ ಯಾರ ಮೇಜಿನ ಮೇಲಿದೆ ಎಂದು ಹುಡುಕಬಹುದು. ಮಸುಕಾದ ಆ ಮುದ್ರೆಯೊಂದೇ, ನೀವು ಇಂಥ ದಿನ ಇಂಥದನ್ನು ಕೇಳಿದ್ದಿರಿ ಎಂಬುದಕ್ಕೆ ನಿಮ್ಮ ಬಳಿ ಉಳಿಯುವ ಸಾಕ್ಷಿ.

ಕಡತದ ಹಾದಿಯ ಹೊರತಾಗಿಯೂ ದಾರಿಗಳಿವೆ. ಶಾಸಕರ ಮೂಲಕ ಸದನದಲ್ಲಿ ಪ್ರಶ್ನೆ ಕೇಳಿಸುವುದು, ವಿಧಾನಮಂಡಲದ ಅರ್ಜಿಗಳ ಸಮಿತಿಗೆ ಹೋಗುವುದು, ಬಜೆಟ್ ಪೂರ್ವ ಸಭೆಗಳಲ್ಲಿ ಬೇಡಿಕೆ ಇಡುವುದು ಇವೆಲ್ಲ ರೂಢಿಯಲ್ಲಿವೆ. ಕೇಂದ್ರದ ಕರಡು ಮಸೂದೆಗಳಾದರೆ, 2014ರ ಶಾಸನಪೂರ್ವ ಸಮಾಲೋಚನಾ ನೀತಿಯಂತೆ ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು. ಆ ಅವಧಿಯಲ್ಲಿ ಕಳುಹಿಸಿದ ಅಭಿಪ್ರಾಯ ಎಲ್ಲಕ್ಕಿಂತ ಪಾರದರ್ಶಕವಾದ ಲಾಬಿ. ನಮ್ಮ ಸೇವಾ ಸಂಸ್ಥೆಗಳು ಇದನ್ನು ಬಹಳ ಕಡಿಮೆ ಬಳಸುತ್ತಿವೆ ಎಂಬ ಬೇಸರ ನನಗಿದೆ.

ಸ್ವಾಮೀಜಿಯವರು ಅಥವಾ ಬಿಷಪ್ ಅವರು ಒಂದು ಫೋನ್ ಮಾಡಿದರೆ ಸಾಕು ಅಂತಾರೆ. ಅದನ್ನೂ ಲಾಬಿ ಅಂತ ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ?

ತೆಗೆದುಕೊಳ್ಳಬೇಕು. ಧರ್ಮಗುರುಗಳ ಮಾತಿಗೆ ಬೇರೆಯವರ ಮಾತಿಗಿಲ್ಲದ ತೂಕ ಇರುವುದರಿಂದಲೇ ಅದನ್ನು ಬರೆದಿಡುವ ಅಗತ್ಯ ಹೆಚ್ಚು. ಭಕ್ತರೂ ಮತದಾರರೂ ಒಂದೇ ಜನವಾಗಿರುವ ಊರಿನಲ್ಲಿ ಸಚಿವರು ಮಠಕ್ಕೆ ಬಂದು ಕಾಲಿಗೆರಗುವುದು ಗೌರವವೂ ಹೌದು, ಲೆಕ್ಕಾಚಾರವೂ ಹೌದು. ದಿನಾಂಕ, ಯಾರೊಂದಿಗೆ ಮಾತು, ಯಾವ ವಿಷಯ ಎಂಬ ಮೂರು ಸಾಲನ್ನು ಟ್ರಸ್ಟ್‌ನ ನಡಾವಳಿ ಪುಸ್ತಕದಲ್ಲಿ ಬರೆದರೆ ಗುರುಗಳ ಘನತೆಗೆ ಕುಂದು ಬರುವುದಿಲ್ಲ.

ಮೊಟ್ಟೆ ವಿವಾದದಲ್ಲಿ ಮಠಗಳು ಮಾಡಿದ್ದು ಸರಿಯೇ, ತಪ್ಪೇ?

ಇದನ್ನು ಕೇಳದವರೇ ಇಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. 2021ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡಲು ಆರಂಭಿಸಿತು. ಹಲವು ಮಠಾಧೀಶರು ಬಹಿರಂಗವಾಗಿ ವಿರೋಧಿಸಿದರು. ಗಂಗಾವತಿಯ ವಿದ್ಯಾರ್ಥಿನಿಯರು ನಮಗೆ ಮೊಟ್ಟೆ ಬೇಕು ಎಂದು ಗಟ್ಟಿಯಾಗಿ ಹೇಳಿದ ವಿಡಿಯೊ ರಾಜ್ಯದಾದ್ಯಂತ ಹರಿದಾಡಿತು. ಯೋಜನೆ ನಿಲ್ಲಲಿಲ್ಲ, ಮುಂದೆ ಇಡೀ ರಾಜ್ಯಕ್ಕೆ ವಿಸ್ತರಿಸಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಒಪ್ಪಂದವೂ ಆಯಿತು.

ಸಾವಿರಾರು ಮಕ್ಕಳಿಗೆ ಉಚಿತ ಅನ್ನ, ವಸತಿ, ವಿದ್ಯೆ ಕೊಟ್ಟ ಮಠಗಳಿಗೆ ಮಕ್ಕಳ ಊಟದ ಬಗ್ಗೆ ಮಾತನಾಡುವ ಹಕ್ಕು ಖಂಡಿತ ಇದೆ. ಅವರು ತಮ್ಮ ಹೆಸರಿನಲ್ಲಿ, ಎಲ್ಲರ ಎದುರು, ಕಾರಣ ಹೇಳಿ ವಿರೋಧಿಸಿದರು. ಬಹಿರಂಗತೆಯ ದೃಷ್ಟಿಯಿಂದ ಅದು ಒಳ್ಳೆಯದೇ, ಏಕೆಂದರೆ ಬಹಿರಂಗವಾಗಿ ಹೇಳಿದ ಮಾತಿಗೆ ಮಕ್ಕಳು ಉತ್ತರ ಕೊಡಲು ಸಾಧ್ಯವಾಯಿತು. ಅದೇ ಮಾತು ಮುಚ್ಚಿದ ಕೊಠಡಿಯಲ್ಲಿ ನಡೆದಿದ್ದರೆ ಆ ಹುಡುಗಿಯರಿಗೆ ಮಾತನಾಡುವ ಅವಕಾಶವೇ ಇರುತ್ತಿರಲಿಲ್ಲ. ಊಟದ ವಿಷಯದಲ್ಲಿ ನನ್ನ ಒಲವು ಮಕ್ಕಳ ಕಡೆಗೇ.

ಇದೇ ಬಗೆಯ ಪ್ರಶ್ನೆ ಅಡುಗೆಮನೆ ನಡೆಸುವ ಸಂಸ್ಥೆಗಳಿಗೂ ಬರುತ್ತದೆ. ಇಸ್ಕಾನ್ ಬೆಂಗಳೂರಿನ ಪ್ರೇರಣೆಯ ಅಕ್ಷಯ ಪಾತ್ರ 2000ರಲ್ಲಿ ಇಲ್ಲಿನ 5 ಶಾಲೆಗಳ 1,500 ಮಕ್ಕಳಿಗೆ ಊಟ ಕೊಡುವುದರೊಂದಿಗೆ ಆರಂಭವಾಯಿತು. ಬೇಯಿಸಿದ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಆದೇಶಿಸಿದ್ದು ಅದರ ನಂತರ, 2001ರ ನವೆಂಬರ್‌ನಲ್ಲಿ. ಈರುಳ್ಳಿ, ಬೆಳ್ಳುಳ್ಳಿ ಬಳಸದ ಅದರ ಪದ್ಧತಿಯ ಬಗ್ಗೆ ಸಾರ್ವಜನಿಕ ಚರ್ಚೆ ನಡೆದಿದೆ. ಸರ್ಕಾರದ ಅಕ್ಕಿ, ಸರ್ಕಾರದ ಅನುದಾನ ಪಡೆದು ಸರ್ಕಾರಿ ಶಾಲೆಗೆ ಊಟ ಕೊಡುವ ಯಾವುದೇ ಸಂಸ್ಥೆ, ಊಟದ ಪಟ್ಟಿಯ ಬಗ್ಗೆ ಸರ್ಕಾರದೊಡನೆ ನಡೆಸುವ ಪತ್ರವ್ಯವಹಾರವನ್ನು ಪೋಷಕರೂ ನೋಡುವಂತಿರಬೇಕು.

ಟ್ರಸ್ಟ್‌ಗೆ ಸಿ.ಎ. ಸೈಟ್ ಕೇಳುವುದೂ ಲಾಬಿಯೇ?

ಹೌದು, ಮತ್ತು ಬೆಂಗಳೂರಿನಲ್ಲಿ ಇದರಷ್ಟು ಸಾಮಾನ್ಯವಾದ ಲಾಬಿ ಬೇರೊಂದಿಲ್ಲ. ಬಿಡಿಎ ಬಡಾವಣೆಗಳ ನಾಗರಿಕ ಸೌಕರ್ಯ ನಿವೇಶನಗಳು (ಸಿ.ಎ. ಸೈಟ್) 1989ರ ನಿಯಮಗಳಡಿ ಶಾಲೆ, ಆಸ್ಪತ್ರೆ, ಸಮುದಾಯ ಸೇವೆಗೆಂದು ಸಂಸ್ಥೆಗಳಿಗೆ ಗುತ್ತಿಗೆಗೆ ಸಿಗುತ್ತವೆ. ಜಮೀನು, ಅನುದಾನ, ತೆರಿಗೆ ವಿನಾಯಿತಿ ಕೇಳುವುದು ತಪ್ಪಲ್ಲ. ಆದರೆ ತನಗಾಗಿ ಕೇಳಿದ್ದನ್ನೂ ಜನರಿಗಾಗಿ ಕೇಳಿದ್ದನ್ನೂ ಬೆರೆಸಿ ಎಲ್ಲವನ್ನೂ 'ಬಡವರ ಪರ ಹೋರಾಟ' ಎಂದು ಕರೆಯಬಾರದು.

## ಹಣ ಮತ್ತು ಕಾನೂನು

ವಿದೇಶಿ ದೇಣಿಗೆ ಪಡೆಯುವ ಸಂಸ್ಥೆ ಸರ್ಕಾರದ ನೀತಿ ಬಗ್ಗೆ ಮಾತನಾಡಿದರೆ ಎಫ್‌ಸಿಆರ್‌ಎ ರದ್ದಾಗುತ್ತದೆಯೇ?

ಮಾತನಾಡಿದ ಮಾತ್ರಕ್ಕೆ ರದ್ದಾಗಬೇಕು ಎಂದು ಕಾನೂನು ಹೇಳುವುದಿಲ್ಲ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ) ರಾಜಕೀಯ ಪಕ್ಷಗಳು, ಶಾಸಕರು, ಅಭ್ಯರ್ಥಿಗಳಿಗೆ ವಿದೇಶಿ ಹಣವನ್ನು ನಿಷೇಧಿಸುತ್ತದೆ. 'ರಾಜಕೀಯ ಸ್ವರೂಪದ ಸಂಸ್ಥೆ' ಎಂದು ಘೋಷಿತವಾದವಕ್ಕೂ ಅದೇ ನಿಷೇಧ. ಬಂದ್, ಹರತಾಳ, ರಸ್ತೆ ತಡೆಗಳಲ್ಲಿ ತೊಡಗುವ ಸಂಸ್ಥೆಗಳನ್ನೂ ಈ ಗುಂಪಿಗೆ ಸೇರಿಸುವ ನಿಯಮವನ್ನು 'ಇನ್ಸಾಫ್' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಮಾರ್ಚ್ 6ರಂದು ಸಂಕುಚಿತಗೊಳಿಸಿ ಅರ್ಥೈಸಿತು. ಸಕ್ರಿಯ ರಾಜಕಾರಣ ಅಥವಾ ಪಕ್ಷ ರಾಜಕಾರಣದ ನಂಟಿಲ್ಲದೆ ಜನರ ಹಕ್ಕಿಗಾಗಿ ದನಿ ಎತ್ತುವ ಸಂಸ್ಥೆಗೆ ವಿದೇಶಿ ದೇಣಿಗೆ ತಪ್ಪಿಸುವಂತಿಲ್ಲ ಎಂಬುದು ಅದರ ಸಾರ.

ಅದೇ ವರ್ಷದ ಸೆಪ್ಟೆಂಬರ್ ತಿದ್ದುಪಡಿ ಕೈ ಕಟ್ಟಿತು. ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಒಂದು ಸಂಸ್ಥೆ ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ, ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. 2022ರ ಏಪ್ರಿಲ್ 8ರಂದು 'ನೋಯೆಲ್ ಹಾರ್ಪರ್' ಪ್ರಕರಣದಲ್ಲಿ ಕೋರ್ಟ್ ಈ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ವರದಿ ಬರೆಯುವುದು, ಕಚೇರಿ ಬಾಡಿಗೆ, ಕಾನೂನು ಸಲಹೆಯ ಶುಲ್ಕ ಇವೆಲ್ಲ ಆಡಳಿತ ವೆಚ್ಚಕ್ಕೆ ಸೇರುವುದರಿಂದ ನೀತಿಯ ಕೆಲಸಕ್ಕೆ ಉಳಿಯುವ ಜಾಗ ಬಹಳ ಕಿರಿದು. ದೊಡ್ಡ ಸಂಸ್ಥೆಗಳೂ ಈ ಕಾಯ್ದೆಯ ಬಿಸಿ ಕಂಡಿವೆ: ಮಿಷನರೀಸ್ ಆಫ್ ಚಾರಿಟಿಯ ನವೀಕರಣವನ್ನು 2021ರ ಕ್ರಿಸ್‌ಮಸ್ ದಿನ ನಿರಾಕರಿಸಿ, ಕೆಲವೇ ದಿನಗಳಲ್ಲಿ, 2022ರ ಜನವರಿಯಲ್ಲಿ ಮರಳಿ ಕೊಡಲಾಯಿತು, ವರ್ಲ್ಡ್ ವಿಷನ್ ಇಂಡಿಯಾದ ನೋಂದಣಿ 2024ರ ಜನವರಿಯಲ್ಲಿ ರದ್ದಾಯಿತು.

80ಜಿ (ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ ಮಾನ್ಯತೆ) ಇರುವ ಟ್ರಸ್ಟ್ ಕಾನೂನು ಬದಲಾವಣೆ ಕೇಳಬಹುದೇ?

ಮುಖ್ಯ ಉದ್ದೇಶ ದತ್ತಿ ಕಾರ್ಯವಾಗಿದ್ದು, ಕಾನೂನಿನ ಬಗ್ಗೆ ಕೇಳುವುದು ಅದಕ್ಕೆ ಪೂರಕವಾಗಿದ್ದರೆ ಕೇಳಬಹುದು. ಆಂಧ್ರ ವಾಣಿಜ್ಯ ಮಂಡಳಿಯ ಪ್ರಕರಣದಲ್ಲಿ, ಶಾಸನವನ್ನು ಬೆಂಬಲಿಸುವ ಅಥವಾ ವಿರೋಧಿಸುವ ಉದ್ದೇಶ ಬೈಲಾದಲ್ಲಿ ಇದ್ದ ಮಾತ್ರಕ್ಕೆ ಸಂಸ್ಥೆ ದತ್ತಿ ಸ್ವರೂಪ ಕಳೆದುಕೊಳ್ಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿದೆ. ಧಾರ್ಮಿಕ ಹಿನ್ನೆಲೆಯ ಟ್ರಸ್ಟ್‌ಗಳು ಗಮನಿಸಬೇಕಾದದ್ದು ಇನ್ನೊಂದು: 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಪ್ರಕಾರ ಸಂಸ್ಥೆ ಒಂದು ಧರ್ಮ ಅಥವಾ ಜಾತಿಯ ಹಿತಕ್ಕಷ್ಟೇ ಮೀಸಲಾಗಿರಬಾರದು, ಧಾರ್ಮಿಕ ವೆಚ್ಚ ಆದಾಯದ ಶೇ 5ನ್ನು ಮೀರಬಾರದು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವುದರೊಂದಿಗೆ ಕಲಂ ಸಂಖ್ಯೆಗಳು ಬದಲಾಗಿವೆ, ಪತ್ರವ್ಯವಹಾರದಲ್ಲಿ ಹೊಸ ಸಂಖ್ಯೆ ಬಳಸಿ.

ಶಾಸಕರನ್ನು ವಿದೇಶಕ್ಕೆ ಅಧ್ಯಯನ ಪ್ರವಾಸಕ್ಕೆ ಕರೆದೊಯ್ಯಬಹುದೇ?

ವಿದೇಶಿ ಮೂಲದ ಆತಿಥ್ಯವಾದರೆ, ಎಫ್‌ಸಿಆರ್‌ಎ ಕಲಂ 6ರಂತೆ ಶಾಸಕರೂ ಅಧಿಕಾರಿಗಳೂ ಕೇಂದ್ರದ ಪೂರ್ವಾನುಮತಿ ಪಡೆಯಲೇಬೇಕು. ಅನುಮತಿ ಸಿಕ್ಕಿತೆಂದ ಮಾತ್ರಕ್ಕೆ ಕರೆದೊಯ್ಯಬೇಕು ಎಂದೇನಿಲ್ಲ.

ಅಮೆರಿಕ, ಯುರೋಪಿನಲ್ಲಿ ಎಲ್ಲವೂ ಬಹಿರಂಗವಂತೆ, ನಿಜವೇ?

ಅರ್ಧ ನಿಜ. ಅಮೆರಿಕದಲ್ಲಿ 1995ರ ಲಾಬಿ ಬಹಿರಂಗ ಕಾಯ್ದೆಯಡಿ ನೋಂದಾಯಿತರು ಮೂರು ತಿಂಗಳಿಗೊಮ್ಮೆ ವಿಷಯ ಮತ್ತು ವೆಚ್ಚದ ವರದಿ ಸಲ್ಲಿಸುತ್ತಾರೆ. ತೆರಿಗೆ ವಿನಾಯಿತಿಯ ದತ್ತಿ ಸಂಸ್ಥೆಗಳು ತಮ್ಮ ವಾರ್ಷಿಕ 990 ನಮೂನೆಯ 'ಸಿ' ಅನುಸೂಚಿಯಲ್ಲಿ ಲಾಬಿ ವೆಚ್ಚ ತೋರಿಸಬೇಕು. 1976ರ ಕಾನೂನಿನ ಆಯ್ಕೆಯನ್ನು ಒಪ್ಪಿಕೊಂಡವರ ಲಾಬಿ ವೆಚ್ಚಕ್ಕೆ, ಸಂಸ್ಥೆಯ ಮೊದಲ 5 ಲಕ್ಷ ಡಾಲರ್ ವೆಚ್ಚದ ಶೇ 20ರಷ್ಟು, ಒಟ್ಟು ವರ್ಷಕ್ಕೆ ಗರಿಷ್ಠ 10 ಲಕ್ಷ ಡಾಲರ್ ಎಂಬ ಸ್ಪಷ್ಟ ಮಿತಿ ಇದೆ. ಆದರೆ ಚರ್ಚ್‌ಗಳಿಗೆ 990 ನಮೂನೆಯಿಂದಲೂ ವಿನಾಯಿತಿ, ಲಾಬಿ ನೋಂದಣಿಯಿಂದಲೂ ವಿನಾಯಿತಿ. ಹೀಗಾಗಿ 1943ರಲ್ಲಿ ಕ್ವೇಕರ್ ಪಂಥದವರು ಕಟ್ಟಿದ ಎಫ್‌ಸಿಎನ್‌ಎಲ್‌ನಂಥ ಸಂಸ್ಥೆ ನೋಂದಾಯಿಸಿಕೊಂಡು ಲೆಕ್ಕ ಕೊಡುತ್ತದೆ, ಅದೇ ಕೋರಿಕೆ ಇಟ್ಟ ಚರ್ಚ್ ಕೊಡಬೇಕಾಗಿಲ್ಲ. ವಾಷಿಂಗ್ಟನ್‌ನಲ್ಲಿ ಧಾರ್ಮಿಕ ನೆಲೆಯ ಲಾಬಿ ಮಾಡುವ ಸಂಸ್ಥೆಗಳು 1970ರಲ್ಲಿ 40ಕ್ಕಿಂತ ಕಡಿಮೆ ಇದ್ದವು, 200 ದಾಟಿವೆ ಎಂದು ಪ್ಯೂ ಸಂಶೋಧನಾ ಸಂಸ್ಥೆ 2011ರಲ್ಲಿ ಎಣಿಸಿತ್ತು.

ಯುರೋಪಿಯನ್ ಒಕ್ಕೂಟದ ಪಾರದರ್ಶಕತಾ ನೋಂದಣಿ 2011ರಿಂದ ಇದೆ, 2021ರ ಒಪ್ಪಂದ ಅದನ್ನು ಬಿಗಿಗೊಳಿಸಿತು. ಅಲ್ಲಿಯೂ ಚರ್ಚ್‌ಗಳು ಹೊರಗೆ, ಆದರೆ ಅವುಗಳ ಪರವಾಗಿ ಮಾತನಾಡಲು ತೆರೆದ ಕಚೇರಿಗಳು ಒಳಗೆ. ಈ ವ್ಯತ್ಯಾಸ ನಮಗೂ ಉಪಯುಕ್ತ. ಪೂಜೆ, ಪ್ರಾರ್ಥನೆಯ ಲೆಕ್ಕವನ್ನು ಯಾರೂ ಕೇಳುತ್ತಿಲ್ಲ, ಸರ್ಕಾರದ ಮುಂದೆ ಇಟ್ಟ ಕೋರಿಕೆಯ ಲೆಕ್ಕವನ್ನಷ್ಟೇ ಕೇಳುತ್ತಿರುವುದು.

ವಿದೇಶದ ಮಾತೃಸಂಸ್ಥೆ ಅಲ್ಲಿನ ಸರ್ಕಾರದ ಮೂಲಕ ನಮ್ಮ ಸರ್ಕಾರದ ಮೇಲೆ ಒತ್ತಡ ತಂದರೆ?

ಕಂಪ್ಯಾಶನ್ ಇಂಟರ್‌ನ್ಯಾಷನಲ್ ಪ್ರಕರಣ ಇದಕ್ಕೆ ಪಾಠ. ಮಕ್ಕಳ ಪ್ರಾಯೋಜಕತ್ವದ ಈ ಕ್ರೈಸ್ತ ಸಂಸ್ಥೆಯ ಹಣಕ್ಕೆ ಭಾರತ ಪೂರ್ವಾನುಮತಿ ಕಡ್ಡಾಯ ಮಾಡಿದ ಮೇಲೆ ವಿಷಯ ಅಮೆರಿಕದ ಸಂಸತ್ತಿಗೆ ಹೋಯಿತು, 2016ರ ಡಿಸೆಂಬರ್‌ನಲ್ಲಿ ಪ್ರತಿನಿಧಿ ಸಭೆಯ ವಿದೇಶಾಂಗ ಸಮಿತಿ ವಿಚಾರಣೆ ನಡೆಸಿತು. ಫಲ ಸಿಗಲಿಲ್ಲ. 2017ರ ಮಾರ್ಚ್‌ನಲ್ಲಿ ಸಂಸ್ಥೆ ಭಾರತದ ಕೆಲಸ ನಿಲ್ಲಿಸಿತು, ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ನೆರವು ನಿಂತಿತು. ಮಾತೃಸಂಸ್ಥೆ ತನ್ನ ದೇಶದಲ್ಲಿ ನಿಮ್ಮ ಹೆಸರೆತ್ತುವ ಮೊದಲು ನಿಮ್ಮ ಒಪ್ಪಿಗೆ ಕೇಳಬೇಕೆಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ.

## ಬಹಿರಂಗಪಡಿಸುವುದು ಹೇಗೆ

ಕಾನೂನು ಕೇಳದಿದ್ದರೂ ನಾವೇಕೆ ಹೇಳಬೇಕು? ಹೇಳುವುದಾದರೆ ವರದಿಯಲ್ಲಿ ಏನು ಬರೆಯಬೇಕು?

ನಾನೇ ಮಾಡಿದ ತಪ್ಪನ್ನು ಹೇಳುತ್ತೇನೆ. ಒಂದು ವರ್ಷ ನಮ್ಮ ಟ್ರಸ್ಟ್ ನಿವೇಶನಕ್ಕಾಗಿ ಕಚೇರಿಯಿಂದ ಕಚೇರಿಗೆ ಹನ್ನೊಂದು ಬಾರಿ ಅಲೆದಿತ್ತು. ವರದಿಯಲ್ಲಿ ನಾನು 'ಸರ್ಕಾರದೊಂದಿಗೆ ಸಮನ್ವಯ' ಎಂಬ ಒಂದೇ ಸಾಲು ಬರೆದು, ಎದುರಿಗೆ ಒಂದು ಮೊತ್ತ ಹಾಕಿದೆ. ಪ್ರತಿ ತಿಂಗಳು ಪಿಂಚಣಿಯಲ್ಲಿ ಐನೂರು ರೂಪಾಯಿ ಕೊಡುತ್ತಿದ್ದ ನಿವೃತ್ತ ಶಿಕ್ಷಕಿಯೊಬ್ಬರು ವರದಿ ಹಿಡಿದುಕೊಂಡು ಬಂದು, ಆ ಸಾಲಿನ ಮೇಲೆ ಬೆರಳಿಟ್ಟು, "ಈ ಸಮನ್ವಯ ಅಂದ್ರೆ ಏನಪ್ಪಾ?" ಎಂದು ಕೇಳಿದರು. ಅವರಿಗೆ ಕೋಪವಿರಲಿಲ್ಲ, ನಿಜವಾಗಿಯೂ ಅರ್ಥವಾಗಿರಲಿಲ್ಲ. ಅರ್ಥವಾಗಬಾರದೆಂದೇ ನಾನು ಆ ಪದ ಆರಿಸಿದ್ದೆ ಎಂಬುದು ಅವರೆದುರು ನಿಂತಾಗ ನನಗೆ ಹೊಳೆಯಿತು.

ಮುಂದಿನ ವರ್ಷದಿಂದ ವರದಿಯಲ್ಲಿ ಒಂದು ಪುಟ ಬೇರೆಯಾಗಿ ಇಟ್ಟೆವು. ಯಾವ ಇಲಾಖೆಗೆ, ಯಾವ ತಿಂಗಳು, ಏನು ಕೇಳಿದೆವು. ಅದು ಸಂಸ್ಥೆಗಾಗಿಯೋ, ಜನರಿಗಾಗಿಯೋ. ಆ ಕೆಲಸಕ್ಕೆ ಎಷ್ಟು ಖರ್ಚು, ಯಾವ ದೇಣಿಗೆಯಿಂದ. ಯಾವ ಒಕ್ಕೂಟದ ಜಂಟಿ ಪತ್ರಕ್ಕೆ ಸಹಿ ಹಾಕಿದೆವು. ಏನು ಉತ್ತರ ಬಂತು. ಉತ್ತರ ಬಾರದಿದ್ದರೆ 'ಉತ್ತರ ಬಂದಿಲ್ಲ' ಎಂದೇ ಬರೆದೆವು. ಸಿಬ್ಬಂದಿಯ ಸಂಬಳವನ್ನು ಹೇಗೆ ಹಂಚುವುದು ಎಂದು ಹಲವರು ಕೇಳುತ್ತಾರೆ. ವಾರಕ್ಕೆ ಒಂದು ದಿನ ಈ ಕೆಲಸಕ್ಕೆ ಹೋದರೆ ಸಂಬಳದ ಆರನೇ ಒಂದು ಭಾಗ ಎಂದು ನಾವು ಹಿಡಿದೆವು. ಅಂದಾಜೇ ಆದರೂ ಪ್ರತಿ ವರ್ಷ ಒಂದೇ ಅಳತೆ ಬಳಸಿದರೆ ಸಾಕು.

ನಮ್ಮದು ಅಲ್ಪಸಂಖ್ಯಾತರ ಸಂಸ್ಥೆ. ಎಲ್ಲ ಹೇಳಿಬಿಟ್ಟರೆ ಅದನ್ನೇ ಹಿಡಿದು ತೊಂದರೆ ಕೊಡುವುದಿಲ್ಲವೇ?

ಈ ಭಯ ಸುಳ್ಳಲ್ಲ, ಅದನ್ನು ಹಗುರವಾಗಿ ಕಾಣುವವರ ಜೊತೆ ನಾನಿಲ್ಲ. ಆದ್ದರಿಂದ ಎಲ್ಲವನ್ನೂ ಒಂದೇ ತೂಕದಲ್ಲಿ ಬಹಿರಂಗಪಡಿಸಬೇಕಿಲ್ಲ. ನೆರವು ಪಡೆದ ಕುಟುಂಬದ ಹೆಸರು, ದೌರ್ಜನ್ಯದ ದೂರು ಕೊಟ್ಟ ಮಹಿಳೆಯ ಊರು, ಮಾಹಿತಿ ಕೊಟ್ಟ ಕೆಳಹಂತದ ನೌಕರನ ಗುರುತು ಯಾವ ವರದಿಯಲ್ಲೂ ಬರಬಾರದು. ನ್ಯಾಯಾಲಯದಲ್ಲಿರುವ ವಿಷಯಕ್ಕೆ ವಕೀಲರ ಮಾತು ಕೇಳಬೇಕು. ಆದರೆ ಸಚಿವರ ಕೈಗೆ ಕೊಟ್ಟ ಮನವಿ ಸರ್ಕಾರದ ಬಳಿ ಹೇಗೂ ಇರುತ್ತದೆ. ಅದನ್ನು ಮುಚ್ಚಿಟ್ಟರೆ ಕಾಣದೆ ಹೋಗುವುದು ನಿಮ್ಮ ದಾನಿಗಳಿಗೆ ಮತ್ತು ನಿಮ್ಮ ಜನಕ್ಕೆ ಮಾತ್ರ.

ನೆರವು ಕೊಡುವಾಗಲೇ ಜನರಿಂದ ಮನವಿಗೆ ಸಹಿ ಹಾಕಿಸಿಕೊಳ್ಳಬಹುದೇ?

ಬೇಡ. ರೆಡ್‌ಕ್ರಾಸ್ ಚಳವಳಿ ಮತ್ತು ಸ್ವಯಂಸೇವಾ ಸಂಸ್ಥೆಗಳ 1994ರ ನೀತಿ ಸಂಹಿತೆಯ ಹತ್ತು ಅಂಶಗಳಲ್ಲಿ ಮೂರನೆಯದು, ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವಿನ ಪ್ರಸಾರಕ್ಕೆ ಬಳಸಬಾರದು ಎನ್ನುತ್ತದೆ. ಅಕ್ಕಿ ಚೀಲದ ಪಕ್ಕದಲ್ಲಿ ಸಹಿಯ ಹಾಳೆ ಇಟ್ಟರೆ ಬೇಡ ಎನ್ನುವ ಧೈರ್ಯ ಹಸಿದವರಿಗೆ ಇರುವುದಿಲ್ಲ. ಸಹಿ ಬೇಕಿದ್ದರೆ ಇನ್ನೊಂದು ದಿನ, ಇನ್ನೊಂದು ಜಾಗದಲ್ಲಿ, ಮನವಿಯನ್ನು ಅವರ ಮನೆಮಾತಿನಲ್ಲಿ ಪೂರ್ತಿ ಓದಿ ಹೇಳಿ ಕೇಳಿ.

ನಾನು ಬರೀ ದಾನಿ. ಒಂದು ಸಂಸ್ಥೆ ಸರ್ಕಾರದಲ್ಲಿ ಏನು ಕೇಳಿದೆ ಅಂತ ತಿಳಿಯುವುದು ಹೇಗೆ?

ಮೊದಲು ಸಂಸ್ಥೆಯನ್ನೇ ಕೇಳಿ, ಪತ್ರದ ಪ್ರತಿ ಕೊಡಿ ಎನ್ನಿ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳ ಲೆಕ್ಕ ಪರಿಶೋಧಿತ ವಾರ್ಷಿಕ ವಿವರ ಆರ್ಥಿಕ ವರ್ಷ ಮುಗಿದ ಒಂಬತ್ತು ತಿಂಗಳೊಳಗೆ ಜಾಲತಾಣದಲ್ಲಿ ಇರಬೇಕು. ಮೂರು ತಿಂಗಳಿಗೊಮ್ಮೆ ಪ್ರಕಟಿಸಬೇಕೆಂಬ ನಿಯಮವನ್ನು 2022ರ ಜುಲೈನಲ್ಲಿ ಕೈಬಿಡಲಾಯಿತು, ಅದು ದಾನಿಗಳಿಗೆ ಆದ ನಷ್ಟ. ಸರ್ಕಾರದಿಂದ ಗಣನೀಯ ಹಣಕಾಸು ಪಡೆಯುವ ಸ್ವಯಂಸೇವಾ ಸಂಸ್ಥೆಗಳು ಮಾಹಿತಿ ಹಕ್ಕು ಕಾಯ್ದೆಗೆ ಒಳಪಡುತ್ತವೆ ಎಂದು ಡಿಎವಿ ಕಾಲೇಜು ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿರುವುದರಿಂದ, ಅಂಥ ಸಂಸ್ಥೆಗೆ ನೇರವಾಗಿಯೇ ಅರ್ಜಿ ಹಾಕಬಹುದು.

ಉಳಿದವಕ್ಕೆ ಇಲಾಖೆಯ ಕಡೆಯಿಂದ ಹೋಗಿ. 10 ರೂಪಾಯಿ ಶುಲ್ಕ, ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದಗಳ ಮಿತಿ. 30 ದಿನದೊಳಗೆ ಉತ್ತರ ಬರಬೇಕು. 'ಇಂಥ ಯೋಜನೆಯ ಬಗ್ಗೆ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಸಂಘ ಸಂಸ್ಥೆಗಳಿಂದ ಬಂದ ಮನವಿಗಳ ದೃಢೀಕೃತ ಪ್ರತಿಗಳು ಮತ್ತು ಆ ಕಡತದ ಟಿಪ್ಪಣಿ ಹಾಳೆಗಳು' ಎಂದು ಕೇಳಿ. 'ಏಕೆ', 'ಹೇಗೆ' ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ಹಿಂದಿರುಗಿಸುತ್ತಾರೆ, ಆದ್ದರಿಂದ ದಾಖಲೆಯನ್ನೇ ಹೆಸರಿಸಿ. ಮುಖ್ಯ ನೀತಿ ರೂಪಿಸುವಾಗ ಸಂಬಂಧಿತ ಸಂಗತಿಗಳನ್ನೆಲ್ಲ ಸರ್ಕಾರವೇ ಪ್ರಕಟಿಸಬೇಕೆನ್ನುವ ಕಲಂ 4(1)(ಸಿ)ಯನ್ನು ಅರ್ಜಿಯಲ್ಲಿ ನಮೂದಿಸಿ. ಟಪಾಲು ಶಾಖೆಯ ಮುದ್ರೆ ಬಿದ್ದ ಪ್ರತಿಯೊಂದನ್ನು ನಿಮ್ಮ ಬಳಿಯೂ ಇಟ್ಟುಕೊಳ್ಳಿ, ಮೇಲ್ಮನವಿಗೆ ಅದು ಬೇಕಾಗುತ್ತದೆ.